ಕೈಯಲ್ಲಿ 1,500 ರೂಪಾಯಿ, ಆರು ಜೊತೆ ಬಟ್ಟೆ ಆಗಬೇಕು: ಹಳೇ ಬಟ್ಟೆ ಹೊಸದು ಮಾಡಿಕೊಂಡವರು ಹೇಳಿ

ಕೇಳಿದವರು: ಮೈಸೂರು, ಕುವೆಂಪುನಗರ

ಬಿ.ಎಡ್. ಮುಗಿಯಿತು. ಜೂನ್‌ನಿಂದ ಒಂದು ಶಾಲೆಯಲ್ಲಿ ಟೀಚರ್ ಕೆಲಸ. ಸೀರೆ ಉಡಬೇಕು, ಇಲ್ಲವೇ ದುಪಟ್ಟಾ ಇರುವ ಚೂಡಿದಾರ್ ಹಾಕಬೇಕು ಎಂದಿದ್ದಾರೆ. ಮೊದಲ ಸಂಬಳ ಬರುವುದು ಜುಲೈನಲ್ಲಿ. ಅಲ್ಲಿಯವರೆಗೆ ಬಟ್ಟೆಗೆ ಅಂತ ಇರುವುದು 1,500 ರೂಪಾಯಿ. ಸೋಮವಾರದಿಂದ ಶನಿವಾರಕ್ಕೆ ಆರು ಜೊತೆ ಆದರೆ ಸಾಕು.

ಮನೆಯಲ್ಲಿ ಇರುವುದು ಇಷ್ಟು. ಅಮ್ಮನ ನಾಲ್ಕು ಕಾಟನ್ ಸೀರೆ. ಅಣ್ಣನ ಎರಡು ಶರ್ಟು. ಇನ್‌ಸ್ಟಾಗ್ರಾಂನಲ್ಲಿ ಹಳೇ ಬಟ್ಟೆ ಮಾರುವವರ ಹತ್ತಿರ ತಲಾ 180ಕ್ಕೆ ತಗೊಂಡ ಮೂರು ಕುರ್ತಾ. ಅದರಲ್ಲಿ ಎರಡು ಸಡಿಲ, ಒಂದು ಭುಜದಿಂದಲೇ ಜಾರುತ್ತದೆ. ಮತ್ತೆ ಅಜ್ಜಿಯ ಒಂದು ಮೈಸೂರು ಸಿಲ್ಕ್, ಮಡಿಕೆಯಲ್ಲಿ ಸೀಳಿದೆ. ನನಗೆ ಕೈಹೊಲಿಗೆ ಬರುತ್ತದೆ. ಪಕ್ಕದ ಮನೆ ಆಂಟಿ ಹತ್ತಿರ ಮೆಷಿನ್ ಇದೆ, ಕೇಳಿದರೆ ಕೊಡುತ್ತಾರೆ. ಎಲ್ಲಿಂದ ಶುರು ಮಾಡಲಿ? ಹಳೇದು ಅಂತ ನೋಡಿದವರಿಗೆ ಗೊತ್ತಾಗುತ್ತದೇನೋ ಅನ್ನುವ ಅಳುಕೂ ಇದೆ.

ಮಂಡ್ಯದಿಂದ, ಮನೆಯಲ್ಲೇ ಹೊಲಿಗೆ ಮಾಡುವವರು

ತಂಗಿ, ಮೊದಲು ಕತ್ತರಿ ಎತ್ತಿಡು. ಎಲ್ಲವನ್ನೂ ಒಂದು ಸಲ ಒಗೆದು ಒಣಗಿಸು. ಆಮೇಲೆ ಒಂದೊಂದನ್ನೇ ಕಿಟಕಿಗೆ ಅಡ್ಡ ಹಿಡಿದು ನೋಡು. ಎಲ್ಲಿ ಬೆಳಕು ಜಾಸ್ತಿ ಬರುತ್ತದೋ ಅಲ್ಲಿ ಬಟ್ಟೆ ಪಿಸಿದಿದೆ ಅಂತ ಅರ್ಥ. ಕಾಟನ್ ಸೀರೆಯಲ್ಲಿ ಸಾಮಾನ್ಯವಾಗಿ ನೆರಿಗೆ ಬೀಳುವ ಜಾಗ, ಕಾಲಿಗೆ ಉಜ್ಜುವ ಕೆಳ ಅಂಚು ಮೊದಲು ಸವೆಯುತ್ತವೆ. ನಾನು ಹೊಲಿಗೆ ಕಲಿತ ಹೊಸತರಲ್ಲಿ ಇದನ್ನು ನೋಡದೆ ನಮ್ಮಮ್ಮನ ಹಳದಿ ಸೀರೆ ಕತ್ತರಿಸಿದೆ. ಚೆನ್ನಾಗಿಯೇ ಬಂತು. ಮೂರನೇ ಸಲ ಒಗೆದಾಗ ಬೆನ್ನಿನ ಹತ್ತಿರ ಉದ್ದಕ್ಕೆ ಸೀಳಿತು. ಅಮ್ಮ ಏನೂ ಅನ್ನಲಿಲ್ಲ. ನನಗೇ ತುಂಬಾ ಬೇಜಾರಾಯಿತು. ಆ ಸೀರೆ ಅವರಿಗೆ ಇಷ್ಟ ಅಂತ ಗೊತ್ತಿತ್ತು. ಅದಕ್ಕೇ ಇದನ್ನು ಮೊದಲು ಹೇಳುತ್ತಿದ್ದೇನೆ.

ಎರಡನೇದು, ಯಾವ ಬಟ್ಟೆ ಅಂತ ತಿಳಿದುಕೋ. ಒಳಗಿನ ಹೊಲಿಗೆ ಹತ್ತಿರ ಎರಡು ಎಳೆ ಕಿತ್ತು ಬೆಂಕಿಗೆ ಹಿಡಿ. ಕೆಳಗೆ ಒಂದು ತಟ್ಟೆಯಲ್ಲಿ ನೀರು ಇಟ್ಟುಕೋ. ಕಾಟನ್ ಆದರೆ ಕಾಗದ ಸುಟ್ಟ ವಾಸನೆ, ಮೆತ್ತಗಿನ ಬೂದಿ. ರೇಷ್ಮೆ ಆದರೆ ಕೂದಲು ಸುಟ್ಟ ವಾಸನೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯ ಹಾಗೆ ಅಂಟಿಕೊಳ್ಳುತ್ತದೆ. ಅಂಗಡಿಯಲ್ಲಿ ಸಿಗುವ ಬಣ್ಣದ ಪೊಟ್ಟಣ, ಉಪ್ಪು ಹಾಕಿ ಕುದಿಸುವಂಥದ್ದು, ಕಾಟನ್‌ಗೆ ಹಿಡಿಯುತ್ತದೆ, ಪಾಲಿಯೆಸ್ಟರ್‌ಗೆ ಹಿಡಿಯುವುದಿಲ್ಲ. ಕಾಟನ್ ಕುರ್ತಾಗೆ ಬಣ್ಣ ಹಾಕಿದರೂ ಹೊಲಿದ ದಾರ ಪಾಲಿಯೆಸ್ಟರ್ ಆಗಿದ್ದರೆ ದಾರ ಮಾತ್ರ ಹಳೇ ಬಣ್ಣದಲ್ಲೇ ಉಳಿಯುತ್ತದೆ. ಹಾಗಂತ ಪಾಲಿಯೆಸ್ಟರ್ ಕುರ್ತಾ ಬಿಸಾಡಬೇಡ. ಜೂನ್ ಮಳೆಯಲ್ಲಿ ಕಾಟನ್ ಬೇಗ ಒಣಗಲ್ಲ, ಆ ದಿನಕ್ಕೆ ಅದೇ ಬೇಕಾಗುತ್ತದೆ.

ಈಗ ಲೆಕ್ಕ. ನಾಲ್ಕು ಸೀರೆಯಲ್ಲಿ ಗಟ್ಟಿಯಾಗಿರುವ ಎರಡನ್ನು ಸೀರೆಯಾಗೇ ಉಡು. ಅಮ್ಮನ ಬ್ಲೌಸನ್ನು ತಿರುಗಿಸಿ ನೋಡು, ಪಕ್ಕದಲ್ಲಿ ಎರಡು ಮೂರು ಸಾಲು ಹೊಲಿಗೆ ಇರುತ್ತದೆ. ನೀನು ಅಮ್ಮನಿಗಿಂತ ದಪ್ಪ ಇದ್ದರೆ ಒಂದು ಸಾಲು ಬಿಚ್ಚು, ಸಣ್ಣ ಇದ್ದರೆ ಒಳಗೆ ಇನ್ನೊಂದು ಸಾಲು ಹಾಕು. ಖರ್ಚೇ ಇಲ್ಲ. ಮೂರನೇ ಸೀರೆಯಲ್ಲಿ ಎರಡು ಕುರ್ತಾ. ಸೀರೆ ಐದೂವರೆ ಮೀಟರ್, ಒಂದು ಕುರ್ತಾಗೆ ಎರಡೂವರೆ ಮೀಟರ್ ಸಾಕು. ಅಂಚು ಕುರ್ತಾದ ಕೆಳಗೆ ಬರಬೇಕು ಅಂದರೆ ಸೀರೆಯ ಅಗಲವೇ ಕುರ್ತಾದ ಉದ್ದ ಆಗುವ ಹಾಗೆ ಕತ್ತರಿಸಬೇಕು. 44-45 ಇಂಚು ಸಿಗುತ್ತದೆ, ಮೊಣಕಾಲು ದಾಟುತ್ತದೆ. ಲೈನಿಂಗ್ ಹಾಕುವುದಾದರೆ ಆ ಬಟ್ಟೆಯನ್ನು ರಾತ್ರಿ ನೀರಲ್ಲಿ ನೆನೆಸಿ ಒಣಗಿಸಿ ಆಮೇಲೆ ಕತ್ತರಿಸು. ಇಲ್ಲದಿದ್ದರೆ ಒಗೆದಾಗ ಲೈನಿಂಗ್ ಮಾತ್ರ ಕುಗ್ಗಿ ಮೇಲಿನ ಬಟ್ಟೆ ಮುದುಡುತ್ತದೆ. ನಾಲ್ಕನೇ ಸೀರೆ, ಪಿಸಿದ ಭಾಗ ಬಿಟ್ಟು, ದುಪಟ್ಟಾಗೆ.

ಸಡಿಲ ಇರುವ ಎರಡು ಕುರ್ತಾ ನೀನೇ ಮಾಡು. ಉಲ್ಟಾ ಹಾಕಿಕೊಂಡು ಪಕ್ಕಕ್ಕೆ ಪಿನ್ ಹಾಕು. ಕೈಯಲ್ಲಿ ಕಚ್ಚಾ ಹೊಲಿಗೆ ಹಾಕಿ, ಕೂತು, ಎದ್ದು, ಕೈ ಎತ್ತಿ ಬೋರ್ಡ್ ಮೇಲೆ ಬರೆಯುವ ಹಾಗೆ ಮಾಡಿ ನೋಡು. ಕಂಕುಳಲ್ಲಿ ಎಳೆಯದಿದ್ದರೆ ಮೆಷಿನ್ ಹೊಲಿಗೆ ಹಾಕು. ಒಳಗಿನ ಬಟ್ಟೆ ಕತ್ತರಿಸಬೇಡ, ಮುಂದೆ ಬೇಕಾಗಬಹುದು.

ಭುಜ ಜಾರುವ ಕುರ್ತಾ ಬಿಡು. ಹೊಸದಾಗಿ ಹಳೇ ಬಟ್ಟೆ ತಗೊಳ್ಳುವಾಗಲೂ ಇದೊಂದನ್ನು ನೆನಪಿಡು. ಉದ್ದ, ಸುತ್ತಳತೆ, ತೋಳು ಎಲ್ಲ ಸರಿ ಮಾಡಬಹುದು. ಭುಜ ಸರಿ ಮಾಡಬೇಕೆಂದರೆ ತೋಳು ಬಿಚ್ಚಿ, ಭುಜ ಕತ್ತರಿಸಿ, ಮತ್ತೆ ತೋಳು ಕೂರಿಸಬೇಕು. ಆ ಕೂಲಿಗೆ ಇನ್ನೊಂದು ಕುರ್ತಾನೇ ಬರುತ್ತದೆ.

ಹಳೇದು ಅಂತ ಗೊತ್ತಾಗುವುದು ಎಲ್ಲಿ ಗೊತ್ತಾ? ನೂಲು ಎದ್ದ ಕಾಲರ್, ಬೇರೆ ಬೇರೆ ಗುಂಡಿ, ಬಿಟ್ಟುಹೋದ ಅಂಚು, ಬಟ್ಟೆ ಮೇಲೆ ಎದ್ದ ಸಣ್ಣ ಗುಳ್ಳೆ. ಈ ನಾಲ್ಕನ್ನು ಸರಿ ಮಾಡಿದರೆ ಯಾರಿಗೂ ಗೊತ್ತಾಗಲ್ಲ. ಗುಳ್ಳೆಗೆ ಬಟ್ಟೆಯನ್ನು ಬಿಗಿಯಾಗಿ ಹಿಡಿದು ಶೇವಿಂಗ್ ರೇಜರ್‌ನಿಂದ ಹಗುರವಾಗಿ ಸವರು.

ಮಾನಸಗಂಗೋತ್ರಿ ಹಾಸ್ಟೆಲ್‌ನಿಂದ, ವಿದ್ಯಾರ್ಥಿ

ಶರ್ಟಿನ ಬಗ್ಗೆ ನಾನು ಹೇಳುತ್ತೇನೆ ಅಕ್ಕ. ಎರಡು ವರ್ಷದಿಂದ ಸೀನಿಯರ್‌ಗಳು ಬಿಟ್ಟುಹೋದ ಶರ್ಟುಗಳನ್ನೇ ಹಾಕುತ್ತಿದ್ದೇನೆ. ಕಾಲರ್ ಸವೆದಿದ್ದರೆ ಅದನ್ನು ಬುಡದ ಪಟ್ಟಿಯಿಂದ ಬಿಚ್ಚಿ, ಮಗುಚಿ, ಮತ್ತೆ ಹೊಲಿಸಿ. ಕೆಳಗಿನ ಮುಖ ಹೊಸದರ ಹಾಗೇ ಇರುತ್ತದೆ. ಎರಡೂ ಕಡೆ ಹೋಗಿದ್ದರೆ ಕಾಲರ್ ತೆಗೆದು ಬುಡದ ಪಟ್ಟಿ ಮಾತ್ರ ಉಳಿಸಿ, ನಿಂತ ಕಾಲರ್ ಆಗುತ್ತದೆ.

ಇನ್‌ಸ್ಟಾಗ್ರಾಂನಲ್ಲಿ ತಗೊಳ್ಳುವಾಗ ಸೈಜ್ ಎಂ, ಎಲ್ ಅಂತ ಇರುವುದನ್ನು ನಂಬಬೇಡಿ. ಬಟ್ಟೆಯನ್ನು ನೆಲದ ಮೇಲೆ ಹಾಸಿ ಟೇಪ್ ಇಟ್ಟ ಫೋಟೋ ಕೇಳಿ. ಕಂಕುಳು, ಕುತ್ತಿಗೆ ಹತ್ತಿರದ ಫೋಟೋನೂ ಕೇಳಿ. ಕಳಿಸದಿದ್ದರೆ ನಾನಂತೂ ತಗೊಳ್ಳಲ್ಲ.

ಅಜ್ಜಿಯ ಸಿಲ್ಕ್ ಸೀರೆ ಹೇಗೂ ಸೀಳಿದೆಯಲ್ಲ, ಜರಿ ಅಂಚು ಬಿಚ್ಚಿ ಕಾಟನ್ ದುಪಟ್ಟಾಗೆ ಹೊಲಿದರೆ ಚೆನ್ನಾಗಿರುತ್ತದೆ ಅಲ್ವಾ?

ಮೈಸೂರು, ಅಗ್ರಹಾರದಿಂದ, ನಿವೃತ್ತ ಶಿಕ್ಷಕಿ

ಬೇಡ ಮಗು, ಅದನ್ನು ಮಾತ್ರ ಮಾಡಬೇಡಿ. ಮೈಸೂರು ಸಿಲ್ಕ್ ಕ್ರೇಪ್ ಬಟ್ಟೆ, ಹುರಿ ಹಾಕಿದ ನೂಲಿನಿಂದ ನೇಯ್ದದ್ದು. ನೀರು ಬಿದ್ದರೆ ಎಳೆದುಕೊಳ್ಳುತ್ತದೆ. ಕಾಟನ್ ದುಪಟ್ಟಾವನ್ನು ವಾರಕ್ಕೊಂದು ಸಲ ಒಗೆಯಲೇಬೇಕು. ಎರಡನ್ನೂ ಸೇರಿಸಿ ಹೊಲಿದರೆ ನಾಲ್ಕು ಒಗೆತದಲ್ಲಿ ಅಂಚು ಸುರುಟಿ ಎರಡೂ ಹಾಳು. ನಮ್ಮೂರಿನ ರೇಷ್ಮೆ ಕಾರ್ಖಾನೆ 1912ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಶುರುವಾದದ್ದು. ಈಗ ಅದನ್ನು ನಡೆಸುವ ಕೆಎಸ್‌ಐಸಿ, ಅಂದರೆ ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮದ ಸೀರೆಯ ಜರಿಯಲ್ಲೂ ಬೆಳ್ಳಿ, ಚಿನ್ನ ಇರುತ್ತದೆ. ಅಜ್ಜಿಯ ಸೀರೆ ಅಲ್ಲಿಯದೇ ಆಗಿದ್ದರೆ ಜರಿಗೂ ಬೆಲೆ ಇದೆ. ಬೀದಿಯಲ್ಲಿ ಹಳೇ ಬಟ್ಟೆಗೆ ಸ್ಟೀಲ್ ಪಾತ್ರೆ ಕೊಡುವವರು ಬಂದರೆ ಇದನ್ನು ಹೊರಗೆ ತೆಗೆಯಲೇಬೇಡಿ.

ಸೀಳಿರುವುದು ಒಂದೇ ಗೆರೆಯಲ್ಲಿ ಮಡಿಸಿ ಮಡಿಸಿ. ಪೂರ್ತಿ ಬಿಚ್ಚಿ ಮಂಚದ ಮೇಲೆ ಹಾಸಿ ನೋಡಮ್ಮ. ಸೊಂಟಕ್ಕೆ ಸಿಕ್ಕಿಸುವ ಒಳತುದಿಯಲ್ಲಿ ಸೀಳಿದ್ದರೆ ಉಟ್ಟಾಗ ಕಾಣುವುದೇ ಇಲ್ಲ. ಅಷ್ಟಕ್ಕೆ ಒಳಗಿನಿಂದ ತೆಳ್ಳನೆ ಬಟ್ಟೆ ಕೊಟ್ಟು ರಫು, ಅಂದರೆ ಎಳೆ ಸೇರಿಸುವ ಸಣ್ಣ ಹೊಲಿಗೆ, ಮಾಡಿಸಿದರೆ ಸಾಕು. ಶಾಲೆಯ ಸ್ವಾತಂತ್ರ್ಯ ದಿನಕ್ಕೆ ಉಡಬಹುದು. ಇನ್ನು ಮೇಲೆ ಹಳೇ ಪಂಚೆಯಲ್ಲಿ ಸುತ್ತಿಡಿ, ಮೂರು ತಿಂಗಳಿಗೊಮ್ಮೆ ಮಡಿಕೆ ಬದಲಿಸಿ.

ಕಾಟನ್ ಸೀರೆಗೆ ಒಂದೇ ಮಾತು, ಗಂಜಿ. ಅನ್ನ ಬಸಿದ ಗಂಜಿಯನ್ನು ಬಟ್ಟೆಯಲ್ಲಿ ಸೋಸಿ, ನೀರು ಬೆರೆಸಿ, ಸೀರೆ ಅದ್ದಿ, ಒದರಿ ಒಣಗಿಸಿ. ಸ್ವಲ್ಪ ತೇವ ಇರುವಾಗಲೇ ಇಸ್ತ್ರಿ ಮಾಡಿ. ಮೂವತ್ತು ವರ್ಷ ನಾನು ಪಾಠ ಮಾಡಿದ್ದು ಹೀಗೆ ಗಂಜಿ ಹಾಕಿದ ಐದಾರು ಸೀರೆಗಳಲ್ಲೇ. ಎಷ್ಟೋ ಜನ ಹೊಸದಾ ಅಂತ ಕೇಳುತ್ತಿದ್ದರು. ರಜೆಯಲ್ಲಿ ಎತ್ತಿಡುವಾಗ ಮಾತ್ರ ಗಂಜಿ ತೊಳೆದು ಇಡಿ, ಇಲ್ಲದಿದ್ದರೆ ಹುಳು ಬರುತ್ತದೆ.

ಮಂಡ್ಯದಿಂದ, ಮತ್ತೆ

ಮೇಡಂ ಹೇಳಿದ್ದು ಸರಿ, ಸಿಲ್ಕ್ ಮುಟ್ಟಬೇಡ. ನಾನು ಹೇಳಲು ಮರೆತದ್ದು ಒಂದಿದೆ. ದುಪಟ್ಟಾ, ಪ್ಯಾಂಟು ಎರಡೂ ಸಾದಾ ಇರಲಿ. ಕುರ್ತಾದಲ್ಲಿ ಹೂ ಇದ್ದರೆ ದುಪಟ್ಟಾದಲ್ಲಿ ಬೇಡ. ಬಿಳಿ ಒಂದು, ಕಪ್ಪು ಒಂದು ಪ್ಯಾಂಟ್ ಇದ್ದರೆ ನಾಲ್ಕು ಕುರ್ತಾಗೂ ಆಗುತ್ತದೆ. ಲೇಸು, ಕುಚ್ಚು, ಮಣಿಗೆ ದುಡ್ಡು ಹಾಕಬೇಡ. ಆ ದುಡ್ಡನ್ನು ಹೊಲಿಗೆಗೆ ಕೊಡು.

ಕೇಳಿದವರು, ಮೂರು ವಾರದ ಮೇಲೆ

ಎಲ್ಲರಿಗೂ ಲೆಕ್ಕ ಒಪ್ಪಿಸುತ್ತಿದ್ದೇನೆ. ಸೀರೆಯಲ್ಲಿ ಎರಡು ಕುರ್ತಾ ಹೊಲಿಸಿದ್ದು 600. ಎರಡು ಪ್ಯಾಂಟ್ 520. ದುಪಟ್ಟಾಗಳ ಅಂಚಿಗೆ ಪಿಕೋ ಹೊಲಿಗೆ 80. ದಾರ, ಗುಂಡಿ, ಪಿನ್ನು 90. ಒಟ್ಟು 1,290. ಬ್ಲೌಸು, ಸಡಿಲ ಕುರ್ತಾ ನಾನೇ ಮಾಡಿಕೊಂಡೆ. ಒಂದು ಕುರ್ತಾದ ಕಂಕುಳಲ್ಲಿ ಎರಡು ಸಲ ಬಿಚ್ಚಿ ಹೊಲಿದೆ, ಬೋರ್ಡ್ ಮೇಲೆ ಬರೆಯುವ ಹಾಗೆ ಕೈ ಎತ್ತಿದಾಗ ಎಳೆಯುತ್ತಿತ್ತು. ಅಕ್ಕ ಹೇಳದಿದ್ದರೆ ಶಾಲೆಯಲ್ಲೇ ಗೊತ್ತಾಗುತ್ತಿತ್ತು. ಭುಜ ಜಾರುತ್ತಿದ್ದ ಕುರ್ತಾ ಅಮ್ಮನಿಗೆ ಸರಿಯಾಗಿ ಕೂತಿತು, ಅವರೇ ಇಟ್ಟುಕೊಂಡರು. ಅಣ್ಣನ ಶರ್ಟಿನ ಕಾಲರ್ ಮಗುಚಿದ್ದಾಯಿತು, ಅವನೇ ವಾಪಸ್ ಕೇಳುತ್ತಿದ್ದಾನೆ.

ಅಜ್ಜಿಯ ಸೀರೆ ಹಾಸಿ ನೋಡಿದೆವು ಮೇಡಂ. ಸೀಳು ಎರಡು ಕಡೆ ಇದೆ. ಒಂದು ಒಳತುದಿಯಲ್ಲಿ, ಇನ್ನೊಂದು ಸೆರಗಿನ ಹತ್ತಿರ, ಗೇಣುದ್ದ. ಉಳಿದಿರುವ 210 ರೂಪಾಯಿಯನ್ನು ರಫುಗೆ ಎತ್ತಿಟ್ಟಿದ್ದೇನೆ. ಸೆರಗಿನ ಕಡೆ ರಫು ಮಾಡಿದರೆ ಗೆರೆ ಕಾಣುತ್ತದಾ?

ಅಗ್ರಹಾರದಿಂದ

ಹತ್ತಿರದಿಂದ ನೋಡಿದರೆ ಸ್ವಲ್ಪ ಕಾಣುತ್ತದೆ. ಸೆರಗನ್ನು ಸಣ್ಣ ಮಡಿಕೆ ಮಾಡಿ ಭುಜಕ್ಕೆ ಪಿನ್ ಮಾಡಿದರೆ ಆ ಜಾಗ ಒಳಗೆ ಹೋಗುತ್ತದೆ. ಪಿನ್ನನ್ನು ರಫು ಮಾಡಿದ ಕಡೆ ಮಾತ್ರ ಚುಚ್ಚಬೇಡಮ್ಮ.