ಸ್ಟೀರಿಂಗ್ ಎಡಕ್ಕೆ ತಿರುಗಿಸಿದಾಗ ಮಾತ್ರ ಹಾರ್ನ್ ಬರುತ್ತೆ, ಹೆಡ್‌ಲೈಟ್ ಲಿವರ್ ಬಿಸಿಯಾಗುತ್ತೆ

ಹಳೇಗಾಡಿ:
ಅಪ್ಪ 1994ರಲ್ಲಿ ತೆಗೆದುಕೊಂಡ ಕಾರು ಈಗ ನನ್ನ ಕೈಯಲ್ಲಿದೆ. ಏರ್‌ಬ್ಯಾಗ್ ಇಲ್ಲದ ಗಾಡಿ. ಎರಡು ತೊಂದರೆ ಒಟ್ಟಿಗೇ ಶುರುವಾಗಿವೆ.

ಸ್ಟೀರಿಂಗ್ ಚಕ್ರ ನೆಟ್ಟಗಿದ್ದಾಗ ಹಾರ್ನ್ ಒತ್ತಿದರೆ ಸದ್ದೇ ಇಲ್ಲ. ಎಡಕ್ಕೆ ಕಾಲು ಸುತ್ತು ಎಳೆದು ಹಿಡಿದು ಒತ್ತಿದರೆ ಜೋರಾಗಿ ಬರುತ್ತೆ. ಇನ್ನೊಂದು, ಹೆಡ್‌ಲೈಟ್ ಹಾಕಿ ಹದಿನೈದು ನಿಮಿಷ ಓಡಿಸಿದರೆ ಲಿವರಿನ ಬುಡ ಬೆರಳಿಗೆ ಬಿಸಿ ತಾಗುತ್ತೆ, ಪ್ಲಾಸ್ಟಿಕ್ ಸುಟ್ಟ ವಾಸನೆ. ನಿನ್ನೆ ರಾತ್ರಿ ಡಿಪ್ (ಲೋ ಬೀಮ್) ಮಾಡಿದಾಗ ಎರಡೂ ದೀಪ ಒಂದು ಕ್ಷಣ ಆರಿಹೋದವು. ಜೀವ ಹೋಗಿ ಬಂತು. ಫ್ಯೂಸ್‌ಗಳೆಲ್ಲ ಸರಿ ಇವೆ.

ಕಾಂಬಿನೇಷನ್ ಸ್ವಿಚ್ (ಸ್ಟೀರಿಂಗ್ ಹಿಂದಿನ ಲಿವರ್‌ಗಳ ಜೋಡಣೆ) ಪೂರ್ತಿ ಬದಲಾಯಿಸಿ ಅನ್ನುತ್ತಿದ್ದಾರೆ. ಹೊಸದು ಸಿಗುತ್ತಿಲ್ಲ. ಅಪ್ಪನ ಕೈ ಸವೆಸಿದ ಲಿವರ್ ಅದು, ಉಳಿಸಿಕೊಳ್ಳಲು ದಾರಿ ಇದ್ದರೆ ಹೇಳಿ.

ವೈರಿಂಗ್ ಕೆಲಸ:
ಮೊದಲು ರಾತ್ರಿ ಓಡಿಸೋದು ನಿಲ್ಲಿಸಿ. ವಾಸನೆ ಬಂದಿದೆ ಅಂದರೆ ಒಳಗೆ ಪ್ಲಾಸ್ಟಿಕ್ ಕರಗುತ್ತಿದೆ.

ಫ್ಯೂಸ್ ಸರಿ ಇದೆ ಅಂತ ಧೈರ್ಯ ತಂದುಕೊಳ್ಳಬೇಡಿ. ಕರೆಂಟ್ ಮಿತಿ ಮೀರಿದರೆ ಮಾತ್ರ ಫ್ಯೂಸ್ ಹೋಗುತ್ತೆ. ಸ್ವಿಚ್ ಒಳಗೆ ಲೋಹಕ್ಕೆ ಲೋಹ ತಾಗುವ ಸವೆದ ಕಾಂಟ್ಯಾಕ್ಟ್‌ನಲ್ಲಿ ಕರೆಂಟ್ ಹೆಚ್ಚುವುದಿಲ್ಲ, ಆ ಜಾಗ ಮಾತ್ರ ಕಾಯುತ್ತೆ. ನಿಮ್ಮದು 60/55 ವ್ಯಾಟ್ ಬಲ್ಬ್ ಆದರೆ ಡಿಪ್‌ನಲ್ಲಿ ಎರಡಕ್ಕೂ ಸೇರಿ ಸುಮಾರು 9 ಆಂಪಿಯರ್ ಹರಿಯುತ್ತೆ. ಕಾಂಟ್ಯಾಕ್ಟ್‌ನಲ್ಲಿ 0.1 ಓಮ್ ತಡೆ ಇದ್ದರೂ ಕಡಲೆಕಾಳಿನಷ್ಟು ಜಾಗದಲ್ಲಿ 8 ವ್ಯಾಟ್ ಶಾಖ.

ಊಹೆ ಮಾಡೋ ಬದಲು ಅಳೆಯಿರಿ. ಮಲ್ಟಿಮೀಟರ್ 20 ವೋಲ್ಟ್ ಡಿಸಿಯಲ್ಲಿಟ್ಟು, ದೀಪ ಹಾಕಿಕೊಂಡೇ ಒಂದು ಪ್ರೋಬ್ ಸ್ವಿಚ್‌ಗೆ ಬರುವ ವೈರಿಗೆ, ಇನ್ನೊಂದು ಹೊರಹೋಗುವ ವೈರಿಗೆ ಹಿಡಿಯಿರಿ. ಒಳ್ಳೇ ಸ್ವಿಚ್‌ನಲ್ಲಿ ಸೊನ್ನೆಯ ಹತ್ತಿರವೇ ಇರುತ್ತೆ. ಅರ್ಧ ವೋಲ್ಟ್ ಅಥವಾ ಹೆಚ್ಚು ತೋರಿಸಿದರೆ ಕಳ್ಳ ಅಲ್ಲೇ ಇದ್ದಾನೆ.

ಸ್ವಿಚ್ ಬಿಚ್ಚಿ ಕಾಂಟ್ಯಾಕ್ಟ್ ಸ್ವಚ್ಛ ಮಾಡಿದ ಮೇಲೆ ಹೈ ಬೀಮ್‌ಗೊಂದು, ಡಿಪ್‌ಗೊಂದು ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟ್ ಹಾಕಿ ಆರಿಸುವ ಸ್ವಿಚ್) ಹಾಕಿ. ಆಮೇಲೆ ಲಿವರ್ ಹೊರುವುದು ರಿಲೇ ಕಾಯಿಲಿನ ಅಲ್ಪ ಕರೆಂಟ್ ಮಾತ್ರ. ಬ್ಯಾಟರಿಯಿಂದ ಬರುವ ಹೊಸ ವೈರಿಗೆ ಬ್ಯಾಟರಿ ಪಕ್ಕದಲ್ಲೇ ಫ್ಯೂಸ್ ಇರಲಿ. ಒಂದು ಎಚ್ಚರ: ಕೆಲವು ಗಾಡಿಗಳಲ್ಲಿ ಸ್ವಿಚ್ ದೀಪದ ನೆಗೆಟಿವ್ ಕಡೆ ಕೂತಿರುತ್ತೆ. ಅದನ್ನು ನೋಡದೆ ರಿಲೇ ಜೋಡಿಸಿದರೆ ದಿನವಿಡೀ ತಲೆ ಕೆಡಿಸಿಕೊಳ್ಳುತ್ತೀರಿ.

ಗ್ರೀಸ್ ಕೈ:
ಹಾರ್ನ್ ವಿಷಯ ನಾನು ಹೇಳ್ತೀನಿ, ಇದೇ ಕಾಟ ಅನುಭವಿಸಿದ್ದೇನೆ. ಎಡಕ್ಕೆ ಎಳೆದಾಗ ಬರುತ್ತಿದೆ ಅಂದಮೇಲೆ ಹಾರ್ನ್, ರಿಲೇ, ಫ್ಯೂಸ್ ಚೆನ್ನಾಗಿವೆ. ಅವನ್ನು ಮುಟ್ಟಬೇಡಿ.

ಇಂಥ ಗಾಡಿಗಳಲ್ಲಿ ಬಟನ್ ಒತ್ತಿದಾಗ ಸ್ಟೀರಿಂಗ್ ಶಾಫ್ಟ್ ಮೂಲಕ ಅರ್ಥ್ (ಬಾಡಿಗೆ, ಅಂದರೆ ಬ್ಯಾಟರಿಯ ನೆಗೆಟಿವ್ ಕಡೆಗೆ, ದಾರಿ) ಸಿಗಬೇಕು. ಶಾಫ್ಟಿನ ಕೆಳಗೆ ರಬ್ಬರ್ ಕಪ್ಲಿಂಗ್ ಇದ್ದರೆ, ರಬ್ಬರಿನಲ್ಲಿ ಕರೆಂಟ್ ದಾಟಲ್ಲ ಅಂತ ಅದರ ಮೇಲೆ ಹೆಣೆದ ತಾಮ್ರದ ಪಟ್ಟಿ ಕೊಟ್ಟಿರುತ್ತಾರೆ. ನನ್ನದರಲ್ಲಿ ಅದು ಕೂದಲೆಳೆಯಷ್ಟು ಅಂತರದಲ್ಲಿ ತುಂಡಾಗಿತ್ತು. ಚಕ್ರ ಎಳೆದಾಗ ರಬ್ಬರ್ ತಿರುಚಿ ತುದಿಗಳು ಕೂಡುತ್ತಿದ್ದವು, ಬಿಟ್ಟರೆ ದೂರ. ಅದು ಗೊತ್ತಾಗದೆ ಮೇಲೆ ಚಕ್ರದ ಹಿಂದಿನ ಉಂಗುರಕ್ಕೆ ತಾಗುವ ಬ್ರಷ್ ಎರಡು ಸಲ ಬದಲಾಯಿಸಿದೆ.

ಶಾಫ್ಟಿನ ಬರಿ ಕಬ್ಬಿಣದಿಂದ ಬಾಡಿಗೆ ಒಂದು ವೈರ್ ಹಿಡಿದು ಹಾರ್ನ್ ಒತ್ತಿ ನೋಡಿ. ಎಲ್ಲ ಕಡೆಯೂ ಬಂದರೆ ಅರ್ಥ್ ಹೋಗಿದೆ. ಮೊದಲಿನ ಹಾಗೇ ಇದ್ದರೆ ಚಕ್ರದ ಹಿಂದಿನ ತಾಮ್ರದ ಉಂಗುರ, ಬ್ರಷ್ ನೋಡಬೇಕು.

ಓದುತ್ತಿರುವ ಬೇರೆಯವರಿಗೆ: ಏರ್‌ಬ್ಯಾಗ್ ಇರುವ ಗಾಡಿಯಲ್ಲಿ ಹೀಗೆಲ್ಲ ಮಾಡಬೇಡಿ. ಬ್ಯಾಟರಿ ಕಳಚಿ ಮ್ಯಾನುಯಲ್ ಹೇಳಿದಷ್ಟು ಹೊತ್ತು ಕಾಯಬೇಕು, ಏರ್‌ಬ್ಯಾಗ್ ವೈರಿಗೆ ಮೀಟರ್ ಹಚ್ಚಲೇಬಾರದು.

ಹಳೇಗಾಡಿ:
ಇಬ್ಬರಿಗೂ ತುಂಬಾ ಧನ್ಯವಾದ. ವೈರ್ ಹಿಡಿದ ಕೂಡಲೇ ಯಾವ ಕಡೆ ತಿರುಗಿಸಿದರೂ ಹಾರ್ನ್ ಬಂತು. ಕಪ್ಲಿಂಗ್ ಹತ್ತಿರ ಟಾರ್ಚ್ ಹಾಕಿ ನೋಡಿದರೆ ಪಟ್ಟಿ ಹಸಿರುಗಟ್ಟಿ ಮೂರೇ ಎಳೆ ಉಳಿದಿವೆ, ಅವೂ ಬೋಲ್ಟಿನ ಬಳಿ ಬಿಟ್ಟುಕೊಂಡಿವೆ. ಹೊಸದು ಕಟ್ಟಿದೆ.

ಸ್ವಿಚ್‌ನಲ್ಲಿ ಡಿಪ್‌ಗೆ 1.1 ವೋಲ್ಟ್, ಹೈ ಬೀಮ್‌ಗೆ 0.1. ಬ್ಯಾಟರಿ ಕಳಚಿ ಬಿಚ್ಚಿದಾಗ ಡಿಪ್‌ನ ಕಾಂಟ್ಯಾಕ್ಟ್ ಕಪ್ಪಾಗಿ ಗುಳಿ ಬಿದ್ದಿತ್ತು, ಸುತ್ತಲಿನ ಬಿಳಿ ಪ್ಲಾಸ್ಟಿಕ್ ಕಾಫಿ ಬಣ್ಣಕ್ಕೆ ತಿರುಗಿತ್ತು. ಉಜ್ಜಿ ಜೋಡಿಸಿದ್ದೇನೆ, ಈಗ 0.2. ನಮ್ಮದರಲ್ಲಿ ಸ್ವಿಚ್ ಪಾಸಿಟಿವ್ ಕಡೆಯೇ ಇದೆ. ಭಾನುವಾರ ರಿಲೇ ಕೂರಿಸ್ತೀನಿ, ಅಲ್ಲಿವರೆಗೆ ಕತ್ತಲಾದ ಮೇಲೆ ಗಾಡಿ ತೆಗೆಯಲ್ಲ.