ಗೋವಾದಿಂದ ಮಾಲೆಗೆ ಹಾಯಿದೋಣಿ: ಹೊರಡುವ ದಿನವನ್ನು ಮೊದಲೇ ಗೊತ್ತುಮಾಡಬಹುದೇ?

ಪ್ರಶ್ನೆ (ಕೊಪ್ಪಳದಿಂದ)

ಬಲ್ಲವರಿಗೆ ನಮಸ್ಕಾರ. ಗೋವಾದಲ್ಲಿರುವ ಸ್ನೇಹಿತರೊಬ್ಬರು ತಮ್ಮ ನಲವತ್ತು ಅಡಿ ಉದ್ದದ ಹಾಯಿದೋಣಿಯಲ್ಲಿ ಜನವರಿ ತಿಂಗಳು ಕೊಚ್ಚಿಗೂ ಅಲ್ಲಿಂದ ಮಾಲ್ಡೀವ್ಸ್‌ನ ಮಾಲೆಗೂ ಹೊರಟಿದ್ದು, ನಾಲ್ವರ ತಂಡದಲ್ಲಿ ನನ್ನನ್ನೂ ಸೇರಿಸಿಕೊಂಡಿದ್ದಾರೆ. ಕರಾವಳಿಯ ಸಮೀಪದಲ್ಲಿ ಹಾಯಿ ಏರಿಸಿ ಇಳಿಸಿದ ಅನುಭವ ನನಗಿದೆ, ಆದರೆ ದಡ ಕಾಣದ ಕಡಲಿನಲ್ಲಿ ರಾತ್ರಿ ಕಳೆದಿಲ್ಲ. ರಜೆ ಮೂರು ವಾರ ಮಾತ್ರ ಸಿಕ್ಕಿದೆ. ಹೊರಡುವ ದಿನಾಂಕವನ್ನು ಈಗಲೇ ತಿಳಿಸಿರೆಂದರೆ ಅವರು ಒಪ್ಪುತ್ತಿಲ್ಲ. ಇದು ಸರಿಯೇ? ನಾನು ಮಾಡಿಕೊಳ್ಳಬೇಕಾದ ಸಿದ್ಧತೆ ಏನು?

ಉತ್ತರ (ರಾಯಚೂರಿನಿಂದ, ನಿವೃತ್ತ ನಾವಿಕ)

ನಿಮ್ಮ ಸ್ನೇಹಿತರ ನಿಲುವು ಸರಿಯಾಗಿದೆ, ಅಂಥವರ ಜೊತೆ ಧೈರ್ಯವಾಗಿ ಹೋಗಬಹುದು. ಅರಬ್ಬೀ ಸಮುದ್ರದಲ್ಲಿ ಚಂಡಮಾರುತಗಳು ಹೆಚ್ಚಾಗಿ ಏಳುವುದು ಮೇ-ಜೂನ್ ಮತ್ತು ಅಕ್ಟೋಬರ್-ನವೆಂಬರ್ ತಿಂಗಳುಗಳಲ್ಲಿ. ಜನವರಿಯಲ್ಲಿ ಈಶಾನ್ಯ ಮಾರುತವಿರುವುದರಿಂದ ಋತುವಿನ ಆಯ್ಕೆ ಸರಿಯಾಗಿದೆ. ಆದರೆ ಋತು ಒಳ್ಳೆಯದಾದ ಮಾತ್ರಕ್ಕೆ ಆ ಋತುವಿನ ಪ್ರತಿ ದಿನವೂ ಒಳ್ಳೆಯದಾಗುವುದಿಲ್ಲ.

ಗೋವಾದಿಂದ ಕೊಚ್ಚಿಗೆ ಸುಮಾರು 350 ನಾಟಿಕಲ್ ಮೈಲಿ, ಕೊಚ್ಚಿಯಿಂದ ಮಾಲೆಗೆ ಸುಮಾರು 400. ಗಂಟೆಗೆ 5 ನಾಟಿಕಲ್ ಮೈಲಿ ವೇಗ ಸಿಕ್ಕರೆ ದಿನಕ್ಕೆ 120 ಮೈಲಿ ಸಾಗುತ್ತೀರಿ, ಅಂದರೆ ಪ್ರತಿ ಹಂತಕ್ಕೂ ಮೂರು-ಮೂರೂವರೆ ದಿನ. ಗಾಳಿ ಬಿದ್ದರೆ ಈ ಲೆಕ್ಕವೆಲ್ಲ ತಲೆಕೆಳಗಾಗುತ್ತದೆ. ಎಂಜಿನ್ ಓಡಿಸೋಣವೆಂದರೆ ಹಾಯಿದೋಣಿಯಲ್ಲಿ ತುಂಬಿಕೊಳ್ಳಬಹುದಾದ ಡೀಸೆಲ್ ಸ್ವಲ್ಪವೇ. ಇದರ ಮೇಲೆ ಕೊಚ್ಚಿಯಲ್ಲಿ ವಲಸೆ, ಸುಂಕ ಮತ್ತು ಬಂದರು ಅಧಿಕಾರಿಗಳ ಅನುಮತಿ ಪಡೆಯಬೇಕು. ಪಾಸ್‌ಪೋರ್ಟಿಗೆ ನಿರ್ಗಮನ ಮುದ್ರೆ ಬಿದ್ದ ಮೇಲೆ ಬಂದರಿನಲ್ಲಿ ಸುಮ್ಮನೆ ಉಳಿಯಲಾಗದು, ಆದ್ದರಿಂದ ಹವಾಮಾನ ಮುನ್ಸೂಚನೆ ನೋಡಿದ ನಂತರವೇ ಆ ಕೆಲಸಕ್ಕೆ ಕೈಹಾಕುವುದು ಲೇಸು. ರಜೆ ಮುಗಿಯುತ್ತದೆಂಬ ಕಾರಣಕ್ಕೆ ದೋಣಿಯನ್ನು ಹೊರಡಿಸಬೇಡಿ. ದಿನಗಳು ಸಾಲದಿದ್ದರೆ ನೀವು ಕೊಚ್ಚಿಯಲ್ಲಿ ಇಳಿದು ರೈಲು ಹತ್ತಿ; ಮಾಲೆಯ ಹಂತಕ್ಕೆ ಬೇರೊಬ್ಬರನ್ನು ಹುಡುಕಿಕೊಳ್ಳಲು ಅನುವಾಗುವಂತೆ ಈ ಮಾತನ್ನು ಸ್ನೇಹಿತರಿಗೆ ಇಂದೇ ಹೇಳಿಬಿಡಿ.

ಉತ್ತರ (ಬಳ್ಳಾರಿಯಿಂದ)

ಹಿರಿಯರು ಹೇಳಿದ್ದಕ್ಕೆ ನನ್ನ ಪೂರ್ಣ ಸಮ್ಮತಿಯಿದೆ. ಹಾಯಿದೋಣಿಯ ತಂಡದಲ್ಲಿ ದುಡಿದವಳಾಗಿ ಕೆಲವು ಮಾತು ಸೇರಿಸುತ್ತೇನೆ. ಮೊದಲ ಎರಡು-ಮೂರು ದಿನ ಓಕರಿಕೆ, ತಲೆಸುತ್ತು ಯಾರನ್ನೂ ಬಿಡದು ಎಂದೇ ತಿಳಿಯಿರಿ, ವೈದ್ಯರನ್ನು ಕೇಳಿ ಮಾತ್ರೆಯನ್ನು ಹೊರಡುವ ಮುಂಚೆಯೇ ಆರಂಭಿಸಿ. ನಾಲ್ವರಿದ್ದರೆ ಮೂರು ಗಂಟೆ ಕಾವಲು, ಒಂಬತ್ತು ಗಂಟೆ ಬಿಡುವು ಎಂದು ಹಂಚಿಕೊಳ್ಳಬಹುದು. ಬಿಡುವು ಸಿಕ್ಕಾಗ ಮೊಬೈಲ್ ಹಿಡಿಯದೆ ಮಲಗಿ. ರಾತ್ರಿ ಕೋಣೆಯಿಂದ ಮೇಲೆ ಬರುವಾಗ ಸುರಕ್ಷತಾ ಪಟ್ಟಿಯ ಕೊಕ್ಕೆಯನ್ನು ದೋಣಿಗೆ ಸಿಕ್ಕಿಸಿದ ಮೇಲೆಯೇ ಹೆಜ್ಜೆ ಇಡಿ, ಸಮುದ್ರ ಎಷ್ಟೇ ಶಾಂತವಾಗಿದ್ದರೂ ಇದನ್ನು ತಪ್ಪಿಸಬೇಡಿ. ಕತ್ತಲಾಗುವ ಮುನ್ನವೇ ಹಾಯಿಯನ್ನು ಕುಗ್ಗಿಸಿಕೊಳ್ಳುವುದು ಒಳ್ಳೆಯ ರೂಢಿ.

ಊಟಕ್ಕೆ ನಮ್ಮ ಕಡೆಯ ಕಟಿ ರೊಟ್ಟಿ, ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ ಬಹಳ ಉಪಯುಕ್ತ, ಏಕೆಂದರೆ ಒಲೆಯ ಮುಂದೆ ನಿಲ್ಲಲಾಗದ ದಿನವೂ ಅವನ್ನು ತಿನ್ನಬಹುದು. ಕಡಲ ತೇವಕ್ಕೆ ರೊಟ್ಟಿ ಮೆತ್ತಗಾಗುವುದರಿಂದ ಗಾಳಿಯಾಡದ ಡಬ್ಬಿಗಳಲ್ಲಿ ಸ್ವಲ್ಪ ಸ್ವಲ್ಪವೇ ತುಂಬಿಡಿ.

ಉತ್ತರ (ಸಿರುಗುಪ್ಪದಿಂದ)

ಮನೆಯವರ ಸಿದ್ಧತೆಯನ್ನೂ ಮರೆಯಬೇಡಿ. ದೋಣಿಯ ಹೆಸರು, ಬಣ್ಣ, ಸಾಗುವ ದಾರಿ, ತಲುಪುವ ಅಂದಾಜು ದಿನ, ಎಷ್ಟು ತಡವಾದರೆ ಗಾಬರಿಪಡಬೇಕು ಎಂಬುದನ್ನೆಲ್ಲ ಬರೆದುಕೊಟ್ಟು, ಭಾರತೀಯ ಕರಾವಳಿ ರಕ್ಷಣಾ ಪಡೆಯ ತುರ್ತು ಸಂಖ್ಯೆ 1554 ಅನ್ನೂ ಅದರಲ್ಲಿ ಸೇರಿಸಿ. ಅಪಾಯ ಬಂದಾಗ ಉಪಗ್ರಹಕ್ಕೆ ಸಂಕೇತ ಕಳುಹಿಸುವ ಉಪಕರಣ ದೋಣಿಯಲ್ಲಿದೆಯೇ, ಅದರ ನೋಂದಣಿ ಆಗಿದೆಯೇ ಎಂದು ಸ್ನೇಹಿತರನ್ನು ಸಂಕೋಚವಿಲ್ಲದೆ ಕೇಳಿ.