ಫ್ಲೂ ಬಂದಾಗ ಮೈಕೈ ನೋವು ವೈರಸ್ಸಿನಿಂದಲೋ, ನಮ್ಮದೇ ದೇಹದಿಂದಲೋ?

ಪ್ರಶ್ನೆ: ಸೋಂಕು ಇರುವುದು ಗಂಟಲು, ಶ್ವಾಸನಾಳಗಳಲ್ಲಾದರೂ ಮೊಣಕಾಲಿನವರೆಗೆ ನೋವು ಏಕೆ ಎಂದು ಕಳೆದ ವಾರ ವೈದ್ಯರನ್ನು ಕೇಳಿದಾಗ, ಅವರು ‘ಅದು ಸೈಟೋಕೈನ್‌ಗಳ ಕೆಲಸ’ ಎಂದಷ್ಟೇ ಹೇಳಿ ಮುಂದಿನ ರೋಗಿಯನ್ನು ಕರೆದರು. ಇವು ವೈರಸ್ಸನ್ನು ಕೊಲ್ಲುತ್ತವೆಯೇ? ತಿಳಿದವರು ದಯವಿಟ್ಟು ವಿವರಿಸಿ.

ಉತ್ತರ 1: ತಾವೇ ಕೊಲ್ಲುವುದಿಲ್ಲ, ಅವು ಜೀವಕೋಶಗಳ ನಡುವೆ ಸುದ್ದಿ ಒಯ್ಯುವ ಸಣ್ಣ ಪ್ರೋಟೀನ್‌ಗಳು. 1957ರಲ್ಲಿ ಲಂಡನ್ನಿನಲ್ಲಿ ಅಲಿಕ್ ಐಸಾಕ್ಸ್ ಮತ್ತು ಜೀನ್ ಲಿಂಡೆನ್‌ಮನ್ ಅವರು ಕೋಳಿಭ್ರೂಣದ ಪೊರೆಯ ತುಣುಕುಗಳನ್ನು ಶಾಖದಿಂದ ನಿಷ್ಕ್ರಿಯಗೊಳಿಸಿದ ಫ್ಲೂ ವೈರಸ್ಸಿನೊಡನೆ ಇಟ್ಟು, ಆ ದ್ರವವನ್ನು ಹೊಸ ತುಣುಕುಗಳಿಗೆ ಹಾಕಿದಾಗ, ಅವುಗಳಲ್ಲಿ ಸಕ್ರಿಯ ವೈರಸ್ಸಿನ ಬೆಳವಣಿಗೆಗೆ ತಡೆಬಿತ್ತು. ಆ ವಸ್ತುವಿಗೆ ಅವರಿಟ್ಟ ಹೆಸರು ಇಂಟರ್‌ಫೆರಾನ್; ಅದೂ ಒಂದು ಸೈಟೋಕೈನ್. ಸೋಂಕಿತ ಕೋಶವು ಇದನ್ನು ಹೊರಬಿಟ್ಟರೆ, ನೆರೆಯ ಕೋಶಗಳು ವೈರಸ್ಸಿನ ಆರ್‌ಎನ್‌ಎಯನ್ನು ಕತ್ತರಿಸುವ ಹಾಗೂ ಅದರ ಪ್ರೋಟೀನ್ ತಯಾರಿಕೆಗೆ ಅಡ್ಡಬರುವ ಕಿಣ್ವಗಳನ್ನು ಮುಂಚಿತವಾಗಿಯೇ ಸಜ್ಜುಗೊಳಿಸಿಕೊಳ್ಳುತ್ತವೆ.

ಉತ್ತರ 2: ನೋವಿನ ವಿಚಾರಕ್ಕೆ ಬಂದರೆ, ಹಿಂದೆ ಹೆಪಟೈಟಿಸ್ ಸಿ ರೋಗಿಗಳಿಗೆ ಇಂಟರ್‌ಫೆರಾನ್ ಚುಚ್ಚುಮದ್ದು ಕೊಟ್ಟಾಗ, ಫ್ಲೂ ವೈರಸ್ ಇಲ್ಲದಿದ್ದರೂ ಅದೇ ಚಳಿ, ಜ್ವರ, ಮೈನೋವು ಕಾಣಿಸಿಕೊಳ್ಳುತ್ತಿತ್ತು. ಇದಕ್ಕಿಂತ ನೇರವಾದ ಪುರಾವೆ ಬೇಕೆಂದು ನನಗನ್ನಿಸುವುದಿಲ್ಲ. ಇಂಟರ್‌ಲ್ಯೂಕಿನ್-6ರಂಥ ಬೇರೆ ಸೈಟೋಕೈನ್‌ಗಳು, ಮೈಬಿಸಿಯನ್ನು ನಿಯಂತ್ರಿಸುವ ಮಿದುಳಿನ ಭಾಗವಾದ ಹೈಪೊಥಲಾಮಸ್‌ನಲ್ಲಿ ಪ್ರೊಸ್ಟಗ್ಲಾಂಡಿನ್ ಎಂಬ ರಾಸಾಯನಿಕವನ್ನು ಹೆಚ್ಚಿಸಿ ಜ್ವರ ಏರಿಸುತ್ತವೆ. ಪ್ಯಾರಸಿಟಮಾಲ್ ತಗ್ಗಿಸುವುದು ಅದನ್ನು, ವೈರಸ್ಸನ್ನಲ್ಲ.

ಉತ್ತರ 3: ಈ ಸಂದೇಶಗಳು ಮಿತಿಮೀರಿದರೆ ಶ್ವಾಸಕೋಶಕ್ಕೇ ಹಾನಿ. 2020ರಲ್ಲಿ ಬ್ರಿಟನ್ನಿನ ‘ರಿಕವರಿ’ ಎಂಬ ಔಷಧ ಪ್ರಯೋಗದಲ್ಲಿ, ಉರಿಯೂತ ತಗ್ಗಿಸುವ ಡೆಕ್ಸಾಮೆಥಾಸೋನ್ ಎಂಬ ಸ್ಟಿರಾಯ್ಡ್ ಆಮ್ಲಜನಕ ಬೇಕಾಗಿದ್ದ ಕೋವಿಡ್ ರೋಗಿಗಳ ಸಾವನ್ನು ಕಡಿಮೆ ಮಾಡಿತು. ಆಮ್ಲಜನಕ ಬೇಕಿಲ್ಲದವರಿಗೆ ಅದರಿಂದ ಪ್ರಯೋಜನ ಕಾಣಲಿಲ್ಲ. ಆದ್ದರಿಂದ ಸಾಮಾನ್ಯ ಫ್ಲೂ ಜ್ವರಕ್ಕೆ ಸ್ಟಿರಾಯ್ಡ್ ಮಾತ್ರೆಯನ್ನು ತಾವಾಗಿಯೇ ಕೊಂಡು ನುಂಗುವವರ ಬಗ್ಗೆ ನನಗೆ ಆತಂಕವಿದೆ.